ಹನ್ನೆರಡನೆಯ ದಿನದ ಎಣ್ಣೆ

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಜಟ್ಟಪ್ಪನಿಗೆ ಊರಿನವರು ಇಟ್ಟ ಹೆಸರು ಪಂಚಾಂಗ. ಅವನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಪಂಚಾಂಗವನ್ನು ಬಿಡಿಸಿ ನೋಡಿದವನೂ ಅಲ್ಲ. ಆದರೆ ಯಾರ ಮನೆಯ ಹಸು ಯಾವ ವಾರ ಕರು ಹಾಕಿತು, ಯಾರ ಮಗುವಿಗೆ ಹೆಸರಿಟ್ಟದ್ದು ಯಾವ ತಿಂಗಳ ಎಷ್ಟನೆಯ ದಿನ, ಕೊಪ್ಪದ ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತದ್ದು ಎಂದು, ಇಂಥವೆಲ್ಲ ಅವನ ನಾಲಗೆಯ ತುದಿಯಲ್ಲಿದ್ದವು. ಮಗಳು ಹುಟ್ಟಿದ ದಿನವನ್ನು ಮರೆತ ತಂದೆಯೊಬ್ಬನು ಅವಳನ್ನು ಶಾಲೆಗೆ ಸೇರಿಸುವ ಮುಂಚೆ ಜಟ್ಟಪ್ಪನ ಮನೆಗೆ ಬಂದು ಕೇಳಿಕೊಂಡು ಹೋದದ್ದುಂಟು.

ಅವನ ಇನ್ನೊಂದು ಗುಣವೆಂದರೆ ಪ್ರಶ್ನೆ ಕೇಳುವುದು. ಮಾತು ಕಲಿತಾಗಿನಿಂದ ಅವನ ಬಾಯಲ್ಲಿ ನಿಂತ ಶಬ್ದ 'ಎಂತಕ್ಕೆ'. ಹೊಸಿಲ ಮೇಲೆ ಎಂತಕ್ಕೆ ನಿಲ್ಲಬಾರದು? ಸಂಜೆ ಎಂತಕ್ಕೆ ಕಸ ಗುಡಿಸಬಾರದು? ಭೂಮಿ ಉರುಟಾಗಿದೆ ಎಂದು ಮೇಷ್ಟ್ರು ಪಾಠ ಹೇಳಿದ ದಿನ, "ಹಂಗಾರೆ ಬಾವಿ ನೀರು ಎಂತಕ್ಕೆ ಚೆಲ್ಲಲ್ಲ ಸಾರ್?" ಎಂದು ಎದ್ದು ನಿಂತಿದ್ದನಂತೆ. ಮೇಷ್ಟ್ರು ಒಂದು ಗಳಿಗೆ ಯೋಚಿಸಿ, ಅವನ ಕೈಗೆ ಕೊಡಪಾನ ಕೊಟ್ಟು, ಚೆಲ್ಲುತ್ತದೋ ಇಲ್ಲವೋ ನೋಡಿಕೊಂಡು ಬಾ ಎಂದು ಬಾವಿಗೆ ಕಳಿಸಿದರಂತೆ.

ದೀಪಾವಳಿಯ ಬೆಳಿಗ್ಗೆ ಅವ್ವ ಅವನನ್ನೂ ತಂಗಿ ಶಾಂತಳನ್ನೂ ಮಣೆಯ ಮೇಲೆ ಕೂರಿಸಿ, ಗರಿಕೆಯ ತುದಿಯನ್ನು ಎಣ್ಣೆಯ ಬಟ್ಟಲಿಗೆ ಅದ್ದಿ ನೆತ್ತಿಗೆ ಮುಟ್ಟಿಸುತ್ತಿದ್ದಳು. ಮೊದಲು ಒಂದು ಹನಿ ನೆಲಕ್ಕೆ, ಆಮೇಲೆ ಮಕ್ಕಳಿಗೆ. ನೆಲಕ್ಕೆ ಎಂತಕ್ಕೆ ಎಂದು ಆಗಲೂ ಅವನು ಕೇಳಿದ್ದಿರಬೇಕು. ಅವ್ವನ ಉತ್ತರ ಮಾತ್ರ ಅವನಿಗೆ ನೆನಪಿಲ್ಲ. ಅಷ್ಟು ನೆನಪಿನ ಮನುಷ್ಯನಿಗೆ ಅದೊಂದು ಕೊರತೆಯಾಗಿಯೇ ಉಳಿದಿತ್ತು.

ದೊಡ್ಡವನಾದ ಮೇಲೆ ಜಟ್ಟಪ್ಪ ತೋಟದ ಕೆಲಸ ಹಿಡಿದ. ಕಳೆ ತೆಗೆಯುವುದು, ಮರದ ಬುಡಕ್ಕೆ ಸೊಪ್ಪು ಹಾಕುವುದು, ನೀರು ಬಸಿದು ಹೋಗುವ ಕಾಲುವೆ ಬಿಡಿಸುವುದು. ವರ್ಷದಲ್ಲಿ ನಾಲ್ಕೈದು ತಿಂಗಳು ಶೃಂಗೇರಿಯ ಕಡೆ ಬೇಗಾರಿನಲ್ಲಿ ಉಮಾಮಹೇಶ್ವರ ಭಟ್ಟರ ತೋಟದಲ್ಲಿಯೇ ಉಳಿದು ದುಡಿಯುತ್ತಿದ್ದ. ಶಾಂತಳನ್ನು ನರಸಿಂಹರಾಜಪುರದ ಆಚೆ ಕಡಹಿನಬೈಲಿಗೆ ಕೊಟ್ಟರು. ಗಂಡ ನಾಗಪ್ಪ ಗದ್ದೆ ಕೆಲಸದವನು, ಮಾತು ಕಡಿಮೆ, ಕೆಲಸ ಚೊಕ್ಕ. ಅವಳು ಅಲ್ಲಿ ಎಲ್ಲರಿಗೂ ಶಾಂತಕ್ಕನಾದಳು. ಅಣ್ಣನಿಗೆ ಮಾತ್ರ ಶಾಂತಿ.

ನಾಲ್ಕು ವರ್ಷದ ಹಿಂದೆ ಶ್ರಾವಣದಲ್ಲಿ ನಾಗಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಜೊತೆಗಿದ್ದವನು ಜಟ್ಟಪ್ಪನೇ. ಚೀಟಿ ಬರೆಸಿಕೊಂಡವನೂ, ವ್ಯಾನು ಹಿಡಿದವನೂ, ಹೆಣ ತಂದವನೂ ಅವನೇ. ಆ ಮನೆತನಗಳಲ್ಲಿ ಒಂದು ಕ್ರಮವುಂಟು. ಸಾವಾದ ಮನೆಯಲ್ಲಿ ಹತ್ತು ದಿನ ಯಾರೂ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಹನ್ನೊಂದನೆಯ ದಿನ ಹೊರಗಿನವರು ಎಣ್ಣೆ ತಂದು ಅವರ ತಲೆಗೆ ಮುಟ್ಟಿಸಬೇಕು. ತಾನೇ ಹಚ್ಚಿಕೊಂಡರೆ ಸೂತಕ ಹೋಗುವುದಿಲ್ಲ. ಗಂಡ ಸತ್ತವಳಿಗೆ ತವರಿನಿಂದಲೇ ಎಣ್ಣೆ ಬರಬೇಕು. ಅಪ್ಪ ಅವ್ವ ಇಲ್ಲವಾದರೆ ಅಣ್ಣನೋ ತಮ್ಮನೋ ತರಬೇಕು.

ಜಟ್ಟಪ್ಪ ಮನೆಯ ಅಂಗಳದ ತೆಂಗಿನ ಕಾಯಿಯನ್ನು ಒಣಗಿಸಿ ಎಣ್ಣೆ ಮಾಡಿಸಿದ. ಚೊಕ್ಕ ಬಾಟಲಿಗೆ ತುಂಬಿದ. ಹನ್ನೊಂದನೆಯ ದಿನ ಶನಿವಾರವೆಂದು ಲೆಕ್ಕ ಹಾಕಿ, ಶನಿವಾರ ಬೆಳಿಗ್ಗೆ ಕಡಹಿನಬೈಲಿನ ಅಂಗಳದಲ್ಲಿ ಕಾಲಿಟ್ಟ.

ಹನ್ನೊಂದನೆಯ ದಿನ ಶುಕ್ರವಾರವೇ ಮುಗಿದುಹೋಗಿತ್ತು.

ನಾಗಪ್ಪನ ಉಸಿರು ನಿಂತದ್ದು ಬೆಳಗಿನ ಜಾವ ನಾಲ್ಕಕ್ಕೆ. ಆಸ್ಪತ್ರೆಯ ಚೀಟಿಯಲ್ಲಿ ಬುಧವಾರದ ತಾರೀಕು ಬಿದ್ದಿತ್ತು. ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಇಡೀ ದಿನ ಓಡಾಡಿದ ಜಟ್ಟಪ್ಪನ ಕಣ್ಣಲ್ಲಿ ಬುಧವಾರವೇ ಕೂತುಬಿಟ್ಟಿತು. ಊರಿನ ಲೆಕ್ಕದಲ್ಲಿಯೋ ದಿನ ಹುಟ್ಟುವುದು ಸೂರ್ಯನೊಡನೆ. ಹೊತ್ತು ಮೂಡುವ ಮೊದಲು ಹೋದವನು ಮಂಗಳವಾರವೇ ಹೋದ ಹಾಗೆ. ಜಟ್ಟಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ನೂರು ಜನರಿಗೆ ಅವನೇ ಹೀಗೆ ಲೆಕ್ಕ ಹೇಳಿಕೊಟ್ಟಿದ್ದ. ತನ್ನ ತಂಗಿಯ ಮನೆಯ ಲೆಕ್ಕದಲ್ಲಿ ಮಾತ್ರ ಚೀಟಿಯನ್ನು ನಂಬಿದ.

ಶುಕ್ರವಾರ ಶಾಂತಕ್ಕನ ಮಗ ಲೋಕೇಶ ಹತ್ತು ಸಲ ಫೋನು ಮಾಡಿದ್ದ. ಜಟ್ಟಪ್ಪ ಬೇಗಾರಿನ ತೋಟದ ಕೆಳಗಿದ್ದ. ಅಲ್ಲಿ ಸಿಗ್ನಲ್ ಇಲ್ಲ. ಬೇರೆಯವರಿಗೆಲ್ಲ ಲೋಕೇಶನ ಹೆಂಡತಿ ಕುಸುಮಳ ತವರಿನವರು ಎಣ್ಣೆ ಮುಟ್ಟಿಸಿದರು. ಶಾಂತಕ್ಕನಿಗೂ ತಾವೇ ಮುಟ್ಟಿಸುತ್ತೇವೆ ಎಂದರು. "ಬ್ಯಾಡ, ಅಣ್ಣ ಬತ್ತಾನೆ. ಅವನ ಲೆಕ್ಕ ತಪ್ಪಲ್ಲ" ಎಂದು ಅವಳು ತಲೆ ಕೊಡಲಿಲ್ಲ.

ಶನಿವಾರ ಅಂಗಳದಲ್ಲಿ ಎದುರಾದವನು ನಾಗಪ್ಪನ ದೊಡ್ಡಪ್ಪನ ಮಗ, ಆ ಕೇರಿಗೆ ಹಿರಿಯ. "ಪಂಚಾಂಗದೋರು ಈಗ ಬಂದ್ರಾ?" ಎಂದು ಮೊದಲು ಕುಟುಕಿದ. ಆಮೇಲೆ, "ದಿನ ಕಳೀತು ಮಾರಾಯ. ಇನ್ನು ಆ ಎಣ್ಣೆ ಆಗಲ್ಲ" ಎಂದ. ಜಟ್ಟಪ್ಪನ ಮುಖ ಸುಟ್ಟ ಹಾಗಾಯಿತು. ಬಾಟಲಿಯನ್ನು ಚೀಲಕ್ಕೆ ಸೇರಿಸಿ, ಬಂದ ದಾರಿಯನ್ನೇ ಹಿಡಿದ.

ಆ ಬಾಟಲಿ ನಾರ್ವೆಯ ಮನೆಯ ಗೋಡೆಯ ಗೂಡಿನಲ್ಲಿ ಕೂತಿತು. ಹಚ್ಚಲು ಆಗದು, ಚೆಲ್ಲಲು ಕೈ ಬಾರದು. ಹೆಂಡತಿ ವಿಜಯ ವರ್ಷಕ್ಕೊಮ್ಮೆ ಗೂಡು ಒರೆಸುವಾಗ, "ಇದನ್ನ ಯಾವ ದೇವ್ರಿಗೆ ಹರಕೆ ಹೊತ್ಕಂಡಿದೀರಿ?" ಎಂದು ಕೇಳುತ್ತಿದ್ದಳು. ಜಟ್ಟಪ್ಪ ಬಾಟಲಿಯನ್ನು ಅವಳ ಕೈಯಿಂದ ತೆಗೆದು ಮತ್ತೆ ಗೂಡಿನಲ್ಲಿಡುತ್ತಿದ್ದ.

ಅಣ್ಣ ತಂಗಿಯರ ನಡುವೆ ಮಾತು ನಿಂತಿತೆಂದಲ್ಲ. ಅವನು ಹೋಗುತ್ತಿದ್ದ, ಅವಳು ಕಾಫಿ ಕೊಡುತ್ತಿದ್ದಳು, ಹಸುವಿನ ಸಂಗತಿ, ಗದ್ದೆಯ ಸಂಗತಿ ಎಲ್ಲ ಬರುತ್ತಿದ್ದವು. ಆದರೆ ಅವಳ ತಲೆ ಒಣಗಿತ್ತು. ಕೂದಲು ತೆಂಗಿನ ನಾರಿನ ಹಾಗೆ ಬಿರುಸಾಗಿ, ಸೆರಗಿನ ಕೆಳಗಿನಿಂದ ಎದ್ದು ಕಾಣುತ್ತಿತ್ತು. ಜಟ್ಟಪ್ಪ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಲೋಟ ನೋಡಿ ಮಾತಾಡಲು ಕಲಿತ.

ಈ ವರ್ಷ ದೀಪಾವಳಿಗೆ ಹದಿನೈದು ದಿನವಿರುವಾಗ ಕುಸುಮಳ ಫೋನು ಬಂತು. ಅವಳ ಕೂಸು ಚೈತ್ರಾಗೆ ಏಳು ತಿಂಗಳು, ಮೊದಲ ದೀಪಾವಳಿ.

"ಮಾವ, ಹಬ್ಬದ ದಿನ ಕೂಸಿನ ತಲೆಗೆ ಮನೆ ಹಿರೇರು ಎಣ್ಣೆ ಇಡಬೇಕಲ, ಅತ್ತೆ ಇಡಲ್ಲ ಅಂತಾರೆ."

"ಎಂತಕ್ಕಂತೆ?"

"ನನ್ನ ತಲೆಗೇ ತವರ ಎಣ್ಣೆ ಮುಟ್ಟಿಲ್ಲ, ನಾ ಕೂಸಿನ ತಲೆಗೆ ಯಾವ ಕೈಲಿ ಮುಟ್ಟಿಸ್ಲಿ ಅಂತಾರೆ. ನಾಲ್ಕು ವರ್ಷದಿಂದ ಹಬ್ಬಕ್ಕೆ ನಾವೇ ನಾವೇ ತಲೆಗೆ ಸವರ್ಕಂತಿದೀವಿ. ನಮ್ಮದು ಹೋಗ್ಲಿ ಮಾವ. ಕೂಸಿಗೆ ಅಜ್ಜಿ ಕೈ ಎಣ್ಣೆ ಬೇಕು. ನೀವೇ ಎಂತಾದ್ರೂ ಮಾಡಿ."

ಫೋನು ಇಟ್ಟ ಮೇಲೆ ಜಟ್ಟಪ್ಪನಿಗೆ ಎದುರಾದ ಪ್ರಶ್ನೆ ಒಂದೇ. ದಿನ ತಪ್ಪಿದ ಎಣ್ಣೆಯನ್ನು ಮತ್ತೆ ಮುಟ್ಟಿಸಬಹುದೋ, ಬಾರದೋ? ಅದನ್ನು ತಿಳಿಯಬೇಕಾದರೆ ಈ ಎಣ್ಣೆ ಮುಟ್ಟಿಸುವುದೇ ಎಂತಕ್ಕೆ, ಎಲ್ಲಿಂದ ಬಂತು ಎಂಬುದು ತಿಳಿಯಬೇಕು. ಕತ್ತಿಗೆ ಎಣ್ಣೆ ಸವರುವುದು ತುಕ್ಕು ಹಿಡಿಯದಿರಲಿ ಎಂದು. ಬಾಗಿಲ ಕೀಲಿಗೆ ಬಿಡುವುದು ಕಿರುಗುಟ್ಟದಿರಲಿ ಎಂದು. ಹಬ್ಬದ ದಿನ ಎತ್ತಿನ ಕೋಡಿಗೆ ಹಚ್ಚುವುದು ಚೆಂದಕ್ಕೆ. ಮನುಷ್ಯನ ನೆತ್ತಿಗೆ? ಅದೂ ಇನ್ನೊಬ್ಬರ ಕೈಯಿಂದಲೇ?

ಆಗ ಅವನು ಬೇಗಾರಿನಲ್ಲಿದ್ದ. ಮಾರನೆಯ ಬೆಳಿಗ್ಗೆ ಭಟ್ಟರ ಮನೆಯಲ್ಲಿ ಮಗ ವಿಘ್ನೇಶನ ಹುಟ್ಟಿದ ಹಬ್ಬ. ವಿಘ್ನೇಶ ಶೃಂಗೇರಿಯ ಕೋರ್ಟಿನಲ್ಲಿ ವಕೀಲ. ನಲವತ್ತು ದಾಟಿದೆ, ನೆತ್ತಿಯಲ್ಲಿ ಕೂದಲು ಕಡಿಮೆ. ಆದರೂ ತಾಯಿ ತ್ರಿಪುರಸುಂದರಮ್ಮ ಅವನನ್ನು ಬಿಡುವುದಿಲ್ಲ. ಜಟ್ಟಪ್ಪ ಜಗಲಿಯ ಮೇಲೆ ಕಾಫಿ ಹಿಡಿದು ಕೂತಿದ್ದ. ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು.

"ಸುಮ್ನೆ ಕೂರು ಮಾಣಿ."

"ಅಮ್ಮ, ಹೊತ್ತಾತು. ಅಂಗಿ ಕಾಲರಿಗೆ ಎಣ್ಣೆ ತಾಗಿದ್ರೆ ಜಡ್ಜ್ ಹತ್ರ ಎಂತ ಹೇಳ್ಲಿ?"

"ಅಮ್ಮ ಹಚ್ಚಿದ್ಲು ಅಂತ ಹೇಳು. ಜಡ್ಜಿಗೂ ಅಮ್ಮ ಇರ್ತು."

ತ್ರಿಪುರಸುಂದರಮ್ಮ ಗರಿಕೆಯನ್ನು ಬಟ್ಟಲಿಗೆ ಅದ್ದಿ ಮೊದಲು ನೆಲದ ಮೇಲೆ ಏಳು ಹನಿ ಇಟ್ಟರು. ಒಂದೊಂದು ಹನಿಗೂ ಬಾಯಲ್ಲಿ ಒಂದೊಂದು ಹೆಸರು. ಆಮೇಲೆ ಮಗನ ನೆತ್ತಿಗೆ. ವಿಘ್ನೇಶ ಕಣ್ಣು ಮುಚ್ಚಿಕೊಂಡ. ಅಷ್ಟು ಹೊತ್ತು ಗಡಿಬಿಡಿ ಮಾಡುತ್ತಿದ್ದವನು ಎಣ್ಣೆ ತಾಗಿದ ಕ್ಷಣ ಸುಮ್ಮನಾದದ್ದನ್ನು ಜಟ್ಟಪ್ಪ ಗಮನಿಸಿದ.

ಮಗ ಕೋರ್ಟಿಗೆ ಹೋದ ಮೇಲೆ ಭಟ್ಟರು ಜಗಲಿಗೆ ಬಂದು ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. ಜಟ್ಟಪ್ಪ ಕಾದಿದ್ದವನಂತೆ ಕೇಳಿದ.

"ಭಟ್ರೇ, ನೆಲಕ್ಕೆ ಏಳು ಹನಿ ಎಂತಕ್ಕೆ? ನಮ್ಮವ್ವ ಒಂದೇ ಇಡ್ತಿದ್ಲು."

"ಸಾವಿಲ್ಲದವರು ಏಳು ಜನ ಇದಾರೆ ಅಂತ ನಂಬಿಕೆ. ಹುಟ್ಟಿದ ದಿನ ಅವರಿಗೆ ಮೊದಲು ಎಣ್ಣೆ ಕೊಟ್ಟು, ಅವರ ಆಯುಸ್ಸಿನಲ್ಲಿ ಒಂದು ಚೂರು ಈ ಮಾಣಿಗೂ ಸಿಗಲಿ ಅಂತ ಕೇಳೋದು."

"ಏಳೂ ಜನ ಒಳ್ಳೇರಾ?"

ಭಟ್ಟರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಮಾರಾಯ. ಅಲ್ಲ. ಪಟ್ಟಿಯಲ್ಲಿ ಮೊದಲನೆಯವನೇ ದೊಡ್ಡ ತಪ್ಪು ಮಾಡಿದವ. ಮಲಗಿದ ಮಕ್ಕಳನ್ನ ಕೊಂದವ. ಅದಕ್ಕೆ ಅವನ ಹಣೆಯಲ್ಲಿದ್ದ ಮಣಿಯನ್ನ ಕಿತ್ತುಕೊಂಡ್ರು. ಸಾವೂ ಇಲ್ಲ, ಗಾಯವೂ ಮಾಯೋದಿಲ್ಲ. ಇವತ್ತಿಗೂ ಆ ಗಾಯ ಹೊತ್ಕೊಂಡು ತಿರುಗ್ತಿದಾನೆ ಅಂತ ಹೇಳ್ತಾರೆ."

"ಅಂಥೋನಿಗೆ ಮೊದಲ ಹನಿಯಾ?"

"ಅವನಿಗೆ ಹಚ್ಚೋರು ಯಾರೂ ಇಲ್ಲವಲ್ಲ" ಎಂದು ಒಳಗಿನಿಂದ ತ್ರಿಪುರಸುಂದರಮ್ಮನ ದನಿ ಬಂತು. "ಗಾಯ ಇದ್ದವನಿಗೆ ಮೊದಲು ಕೊಡದೆ ಇನ್ಯಾರಿಗೆ ಕೊಡೋದು?"

ಭಟ್ಟರು ನಕ್ಕರು. "ಇದು ಶಾಸ್ತ್ರದಲ್ಲಿ ಇಲ್ಲ. ಇವಳ ವ್ಯಾಖ್ಯಾನ."

ಜಟ್ಟಪ್ಪ ಲೋಟದ ತಳ ನೋಡುತ್ತ ನಿಧಾನವಾಗಿ ತನ್ನ ಸಂಗತಿ ಹೇಳಿದ. ಚೀಟಿ, ಬುಧವಾರ, ಹನ್ನೆರಡನೆಯ ದಿನ. ಕೊನೆಗೆ, "ಈ ಎಣ್ಣೆ ಮುಟ್ಟಿಸೋದು ಎಲ್ಲಿಂದ ಬಂತು? ದಿನ ತಪ್ಪಿದ ಎಣ್ಣೇನ ಈಗ ಮುಟ್ಟಿಸ್ಬಹುದಾ?" ಎಂದ.

ಭಟ್ಟರು ಅಡಕತ್ತರಿಯನ್ನು ತಟ್ಟೆಗೆ ಇಟ್ಟರು. "ನೋಡು ಜಟ್ಟಪ್ಪ, ತವರ ಎಣ್ಣೆ ನಿಮ್ಮ ಮನೆತನದ ಕ್ರಮ. ನನ್ನ ಪುಸ್ತಕದಲ್ಲಿ ಅದಿಲ್ಲ. ಆಗ್ತದೆ ಅಂದ್ರೂ ಸುಳ್ಳು ಹೇಳಿದ ಹಾಗೆ, ಆಗಲ್ಲ ಅಂದ್ರೂ ಸುಳ್ಳು ಹೇಳಿದ ಹಾಗೆ. ಎಲ್ಲಿಂದ ಬಂತು ಅಂದ್ಯಲ್ಲ, ಅದೂ ನಂಗೆ ಗೊತ್ತಿಲ್ಲ. ದೇವರ ಕಲ್ಲಿಗೂ ನಾವು ಎಣ್ಣೆ ಹಚ್ತೀವಿ. ಕಲ್ಲಿಗೆ ಚಳಿಯಾಗ್ತದಾ, ಚರ್ಮ ಒಡೀತದಾ? ಮೊದಲು ಯಾರೋ ಒಡೆದ ಚರ್ಮಕ್ಕೇ ಹಚ್ಚಿರಬೇಕು. ಹಚ್ಚಿಸಿಕೊಂಡವನಿಗೆ ಹಾಯಾಗಿರಬೇಕು. ಆ ಹಾಯನ್ನ ಆಮೇಲೆ ದೇವರಿಗೂ ಕೊಟ್ಟರು, ಮದುಮಗನಿಗೂ ಕೊಟ್ಟರು, ಸೂತಕದವರಿಗೂ ಕೊಟ್ಟರು. ಇದು ನನ್ನ ಊಹೆ ಅಷ್ಟೆ."

ಜಟ್ಟಪ್ಪನಿಗೆ ಉತ್ತರ ಸಿಗಲಿಲ್ಲ. ಆದರೆ ತೋಟಕ್ಕೆ ಇಳಿಯುವಾಗ ಆ ಗಾಯದ ಮನುಷ್ಯ ಅವನ ಜೊತೆಗೇ ಇಳಿದು ಬಂದ. ಎಷ್ಟು ಸಾವಿರ ವರ್ಷದಿಂದ ತಿರುಗುತ್ತಿದ್ದಾನೋ ಅವನು? ಇವತ್ತು ಬೆಳಿಗ್ಗೆ ಇಟ್ಟ ಹನಿ ಅವನಿಗೆ ಎಷ್ಟು ದಿನ ತಡ? ಅಷ್ಟು ತಡವಾದದ್ದು ಆಗುವುದಾದರೆ, ನಾಲ್ಕು ವರ್ಷ ಎರಡು ತಿಂಗಳು ತಡವಾದದ್ದು ಆಗದೇ? ಕಾಲುವೆ ಬಿಡಿಸುತ್ತ ಈ ಲೆಕ್ಕವನ್ನು ಹತ್ತಾರು ಸಲ ಮಾಡಿದ.

ಹಬ್ಬದ ಹಿಂದಿನ ದಿನ, ಹಂಡೆಗೆ ನೀರು ತುಂಬುವ ದಿನ, ಅವನು ಎರಡು ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ನಾರ್ವೆಯಿಂದ ಹೊರಟ. ಒಂದು ಗೂಡಿನಲ್ಲಿದ್ದ ಹಳೆಯದು. ಇನ್ನೊಂದು ಅದೇ ತೆಂಗಿನ ಮರದ ಕಾಯಿಯಿಂದ ಹೊಸದಾಗಿ ಮಾಡಿಸಿದ್ದು. "ಎರಡು ಎಂತಕ್ಕೆ?" ಎಂದಳು ವಿಜಯ. ಈ ಒಂದು ಸಲ ಆ ಪ್ರಶ್ನೆ ಅವನ ಕಡೆಗೆ ತಿರುಗಿತ್ತು.

ನರಸಿಂಹರಾಜಪುರದಲ್ಲಿ ಕಡಹಿನಬೈಲಿನ ಬಸ್ಸಿಗೆ ಒಂದು ಗಂಟೆ ಹೊತ್ತಿತ್ತು. ಪೇಟೆಯ ಅಂಚಿನಲ್ಲಿ ಅನ್ನಮ್ಮನ ಮನೆ. ಚಿಕ್ಕವಳಿರುವಾಗ ಅಪ್ಪನ ಜೊತೆ ಕೇರಳದಿಂದ ಬಂದವಳು ಇಲ್ಲಿಯೇ ಮುದುಕಿಯಾಗಿದ್ದಳು. ಅವಳ ರಬ್ಬರು ತೋಟದಲ್ಲಿ ಜಟ್ಟಪ್ಪ ಹಲವು ವರ್ಷ ಕಳೆ ತೆಗೆದಿದ್ದ.

"ಎಷ್ಟು ಕಾಲವಾಯ್ತು ಜಟ್ಟಪ್ಪ, ಈ ಕಡೆ ಮುಖ ಹಾಕದೆ!"

"ಮೂರು ವರ್ಷ ಏಳು ತಿಂಗಳಾತು ಅನ್ನಮ್ಮೋರೆ. ಒಂದು ಸೋಮವಾರ. ಅವತ್ತು ನಿಮ್ಮ ನಾಯಿ ನನ್ನ ಚಪ್ಪಲಿ ಹೊತ್ಕಂಡು ಹೋಗಿತ್ತು."

ಅವಳು ಹೊಟ್ಟೆ ಹಿಡಿದು ನಕ್ಕಳು. ಚಹಾ ಕೊಟ್ಟಳು. ಚೀಲದಲ್ಲಿದ್ದ ಬಾಟಲಿಗಳನ್ನು ನೋಡಿ ಕೇಳಿದಾಗ ಅವನು ಎಲ್ಲ ಹೇಳಿದ.

"ನಮ್ಮಲ್ಲೂ ಎಣ್ಣೆ ಉಂಟು" ಎಂದಳು ಅನ್ನಮ್ಮ. "ಮಗುವಿಗೆ ದೀಕ್ಷಾಸ್ನಾನದ ಹೊತ್ತಿಗೆ ಹಚ್ತಾರೆ. ಕಾಯಿಲೆಯವರಿಗೆ ಇಗರ್ಜಿಯ ಪಾದ್ರಿ, ನಮ್ಮ ಅಚ್ಚನ್, ಮನೆಗೆ ಬಂದು ಹಣೆಗೆ ಹಚ್ತಾರೆ, ನಮ್ಮ ಯಜಮಾನರಿಗೂ ಹಚ್ಚಿದ್ರು. ಹಿಂದಿನ ಕಾಲದಲ್ಲಿ ರಾಜನನ್ನ ರಾಜ ಮಾಡೋದೂ ತಲೆಗೆ ಎಣ್ಣೆ ಹೊಯ್ದೇ. ಕ್ರಿಸ್ತ ಅನ್ನೋ ಹೆಸರಿಗೇ ಎಣ್ಣೆ ಹಚ್ಚಿಸಿಕೊಂಡವ ಅಂತ ಅರ್ಥ, ಗೊತ್ತಾ?"

"ರಾಜ ತಾನೇ ಹಚ್ಕಂಡ್ರೆ ಆಗ್ತಿರಲಿಲ್ವಾ?"

"ಹೇಗಾಗ್ತದೆ? ತಾನೇ ಹಚ್ಚಿಕೊಂಡವ ಎಣ್ಣೆ ಹಚ್ಚಿಕೊಂಡವ ಅಷ್ಟೆ. ಇನ್ನೊಬ್ಬ ಹಚ್ಚಬೇಕು, ನೀನು ನಮ್ಮವ ಅಂತ ಹೇಳಿದ ಹಾಗೆ."

ಜಟ್ಟಪ್ಪ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. "ತಡವಾಗಿ ತಂದವರ ಕಥೆ ಎಂತಾದ್ರೂ ಉಂಟಾ ನಿಮ್ಮಲ್ಲಿ?"

ಅನ್ನಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಉಂಟು. ನಮ್ಮ ಕರ್ತನ ದೇಹವನ್ನ ಅವಸರದಲ್ಲಿ ಗೋರಿಗೆ ಇಟ್ಟರು. ಹಬ್ಬ ಕಳೀಲಿ ಅಂತ ಹೆಂಗಸರು ಕಾದು, ಮೂರನೇ ದಿನ ಪರಿಮಳದ ಎಣ್ಣೆ ತಗೊಂಡು ಹೋದರು. ನೋಡಿದರೆ ಗೋರಿ ಖಾಲಿ, ಅವನು ಎದ್ದು ಹೋಗಿದ್ದ."

"ಹಂಗಾರೆ ಆ ಎಣ್ಣೆ ಎಂತ ಮಾಡಿದ್ರು?"

ಅನ್ನಮ್ಮ ಚಹಾದ ಲೋಟವನ್ನು ಕೆಳಗಿಟ್ಟಳು. ಎಪ್ಪತ್ತು ವರ್ಷ ಆ ಕಥೆಯನ್ನು ಕೇಳಿದ್ದಾಳೆ, ಹೇಳಿದ್ದಾಳೆ. ಎಣ್ಣೆ ಏನಾಯಿತು ಎಂದು ಒಂದು ದಿನವೂ ಹೊಳೆದಿರಲಿಲ್ಲ. "ಅದನ್ನ ಯಾರೂ ಹೇಳಿಲ್ಲ ಜಟ್ಟಪ್ಪ" ಎಂದಳು. ಬಸ್ಸಿನ ಹಾರ್ನು ಕೇಳಿ ಅವನು ಎದ್ದಾಗ, ಗೇಟಿನವರೆಗೆ ಬಂದು, "ಆದರೆ ಒಂದು ನೋಡು, ಎಣ್ಣೆ ಹಿಡ್ಕೊಂಡು ತಡವಾಗಿ ಹೋದವರಿಗೇ ಒಳ್ಳೆ ಸುದ್ದಿ ಮೊದಲು ಗೊತ್ತಾದ್ದು" ಎಂದಳು.

ಬಸ್ಸಿನಲ್ಲಿ ಜಟ್ಟಪ್ಪ ತಂಗಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿದ. ಮೊದಲು ಭಟ್ಟರ ಮನೆಯ ಏಳು ಹನಿ, ಆಮೇಲೆ ಗಾಯದ ಮನುಷ್ಯ, ಆಮೇಲೆ ರಾಜ, ಕೊನೆಗೆ ಆ ಹೆಂಗಸರು. ಇಷ್ಟು ಹೇಳಿದರೆ ಯಾರಾದರೂ ಒಪ್ಪಲೇಬೇಕು ಎಂದು ಧೈರ್ಯ ತಂದುಕೊಂಡ.

ಶಾಂತಕ್ಕ ಅಂಗಳದಲ್ಲಿ ಕೂತು ಹಬ್ಬಕ್ಕೆ ಸಗಣಿ ಕಲಸುತ್ತಿದ್ದಳು. ಅಣ್ಣನನ್ನು ನೋಡಿ, "ಹಬ್ಬ ನಾಳೆ. ಲೆಕ್ಕ ತಪ್ಪಿ ಇವತ್ತೇ ಬಂದ್ಯಾ?" ಎಂದಳು. ಮಾತಿನಲ್ಲಿ ನಗುವಿತ್ತು, ಆದರೂ ಚುಚ್ಚಿತು.

ಜಟ್ಟಪ್ಪ ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚಿ ಎರಡೂ ಬಾಟಲಿಗಳನ್ನು ಹೊರಗಿಟ್ಟ. ಶಾಂತಕ್ಕನ ಕೈ ಸಗಣಿಯಲ್ಲಿಯೇ ನಿಂತಿತು.

"ಶಾಂತಿ, ಬೇಗಾರಿನ ಭಟ್ರು ಎಂತ ಹೇಳಿದ್ರು ಅಂದ್ರೆ..."

"ಭಟ್ರಿಗೆ ಎಂತ ಗೊತ್ತು ನಮ್ಮನೆ ಎಣ್ಣೆ?"

"ಅಲ್ಲ, ಅನ್ನಮ್ಮೋರೂ..."

"ಊರೆಲ್ಲ ಕೇಳ್ಕಂಡು ಬಂದ್ಯಾ? ನನ್ನೊಬ್ಬಳ ಹತ್ರ ಮಾತ್ರ ಕೇಳ್ಲಿಲ್ಲ." ಅವಳು ಕೈ ತೊಳೆಯಲು ಎದ್ದಳು. ಚೊಂಬಿನ ನೀರು ಸುರಿದುಕೊಳ್ಳುತ್ತ, ಅವನ ಕಡೆ ತಿರುಗದೆ ಹೇಳಿದಳು. "ದಿನ ತಪ್ಪಿತು ಅಂತ ನಂಗೆ ಸಿಟ್ಟು ಅಂತ ಮಾಡಿದೀಯಲ, ನಾಲ್ಕು ವರ್ಷದಿಂದ?"

"ಮತ್ತೆ?"

"ಶುಕ್ರವಾರ ಇಡೀ ದಿನ ಕೂದಲು ಬಿಚ್ಕಂಡು, ಆ ಬಾಗಿಲ ಹಿಂದೆ ಮಣೆ ಹಾಕ್ಕಂಡು ಕೂತಿದ್ದೆ. ಶನಿವಾರನೂ ಅಲ್ಲೇ ಕೂತಿದ್ದೆ. ನೀ ಬಂದಿದ್ದು ಕಾಣ್ತು. ಭಾವ ಆಗಲ್ಲ ಅಂದಿದ್ದೂ ಕೇಳ್ತು. ಈಗ ನಮ್ಮಣ್ಣ ಕೇಳ್ತಾನೆ, ಎಂತಕ್ಕೆ ಆಗಲ್ಲ ಅಂತ ಕೇಳೇ ಕೇಳ್ತಾನೆ ಅಂತ ಕಾದೆ." ಅವಳು ಚೊಂಬಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದಳು. "ಹುಟ್ಟಿದಾಗಿಂದ ಎಂತಕ್ಕೆ ಎಂತಕ್ಕೆ ಅಂತ ಜನರ ತಲೆ ತಿಂದೋನು, ಅವತ್ತೊಂದಿನ ಬಾಯಿ ಮುಚ್ಕಂಡು ತಿರುಗಿ ಹೋದೆ. ಒಳಗೆ ಬಂದು ನನ್ನ ಮುಖ ಸಹ ನೋಡ್ಲಿಲ್ಲ."

ಜಟ್ಟಪ್ಪ ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಇದಕ್ಕೆ ಒಂದೂ ಹೊಂದಲಿಲ್ಲ. ಅಂಗಳದ ಆಚೆ ಕೋಳಿಯೊಂದು ಕೆದಕುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತ. ಬಾಗಿಲ ಹಿಂದೆ ಅವಳು ಇದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ. ತನ್ನ ಲೆಕ್ಕ ತಪ್ಪಿದ ನಾಚಿಕೆಯಲ್ಲಿ ತಂಗಿಯ ತಲೆಯೇ ಅವನಿಗೆ ಮರೆತಿತ್ತು.

"ತಪ್ಪಾತು ಶಾಂತಿ" ಎಂದ ಕೊನೆಗೆ. "ಅವತ್ತು ಕೇಳ್ಬೇಕಿತ್ತು."

"ಈಗ ಕೇಳು."

"ಯಾರನ್ನ ಕೇಳ್ಲಿ? ಆಗಲ್ಲ ಅಂದ ನಿನ್ನ ಭಾವ ಸತ್ತು ಎರಡು ವರ್ಷ ಆತು ಅಂತ ನೀನೇ..."

"ಹ್ಞೂಂ, ಎರಡು ವರ್ಷ ಆತು."

"ಎರಡಾಗಿಲ್ಲ. ಒಂದು ವರ್ಷ ಹತ್ತು ತಿಂಗಳು." ಮಾತು ಬಾಯಿಂದ ಜಾರಿಬಿಟ್ಟಿತ್ತು.

ಶಾಂತಕ್ಕ ತಿರುಗಿ ನೋಡಿದಳು. ಕಣ್ಣಲ್ಲಿ ನೀರಿತ್ತು. ತುಟಿ ಬಿಗಿ ಹಿಡಿದು ತಡೆಯಲು ನೋಡಿದಳು, ಆಗಲಿಲ್ಲ. ನಗು ಬಂದೇ ಬಿಟ್ಟಿತು. ಚೊಂಬು ಹಿಡಿದುಕೊಂಡೇ ನಕ್ಕಳು. "ಹಾಳಾಗಿ ಹೋಗ್ಲಿ ನಿನ್ನ ಲೆಕ್ಕ!"

ಜಟ್ಟಪ್ಪ ಎದ್ದು ಅಂಗಳದ ನಡುವೆ, ಅವತ್ತು ನಿಂತಿದ್ದ ಜಾಗದಲ್ಲಿಯೇ ಹೋಗಿ ನಿಂತ. ಎದುರಿಗೆ ಯಾರೂ ಇರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಜೋರಾಗಿ ಕೇಳಿದ. "ಎಂತಕ್ಕೆ ಆಗಲ್ಲ?"

ಕೋಳಿ ಹಾರಿ ಓಡಿತು. ಕುಸುಮಾ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಓಡಿಬಂದಳು. "ಯಾರ ಹತ್ರ ಜಗಳ ಮಾವ?"

"ಯಾರ ಹತ್ರನೂ ಅಲ್ಲ ಕಣೆ. ನೀ ಒಳಗಿಂದ ಮಣೆ ತಗಂಬಾ" ಎಂದಳು ಶಾಂತಕ್ಕ. "ಬಟ್ಟಲೂ ತಾ."

ಆ ಬಾಗಿಲ ಹಿಂದೆಯೇ ಮಣೆ ಬಿತ್ತು. ಶಾಂತಕ್ಕ ಮೊದಲು ಹಳೆಯ ಬಾಟಲಿಯ ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದಳು. "ಥೂ, ಕಮಟು! ಇದನ್ನ ಹಚ್ಕಂಡ್ರೆ ರಾತ್ರಿ ಇಲಿ ಬಂದು ತಲೆ ನೆಕ್ತವೆ." ಆದರೂ ಅದನ್ನು ದೂರ ಇಡಲಿಲ್ಲ. "ಇದರದ್ದೇ ಒಂದು ಹನಿ ಮೊದಲು ಇಡು. ನೀ ಅವತ್ತು ತಂದಿದ್ದಲ. ಉಳಿದದ್ದು ನಾಳೆ ದೀಪಕ್ಕಾಗ್ತದೆ."

ಜಟ್ಟಪ್ಪ ಅಂಗಳದಿಂದ ಗರಿಕೆ ಕಿತ್ತು ತಂದ. ಹಳೆಯ ಎಣ್ಣೆಯ ಒಂದು ಹನಿಯನ್ನು ತಂಗಿಯ ನೆತ್ತಿಗೆ ಮುಟ್ಟಿಸಿದ. ಆಮೇಲೆ ಹೊಸ ಎಣ್ಣೆ. ಗರಿಕೆಯನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಹಚ್ಚಿದ. ಕಾಲುವೆ ಬಿಡಿಸಿ ಒರಟಾದ ಬೆರಳುಗಳು ಬಿರುಸು ಕೂದಲಿನಲ್ಲಿ ಮೊದಲು ತಡವರಿಸಿ, ನಿಧಾನವಾಗಿ ದಾರಿ ಕಂಡುಕೊಂಡವು. ಬಟ್ಟಲು ಖಾಲಿಯಾದರೂ ತಲೆ ಇನ್ನೂ ಎಣ್ಣೆ ಕುಡಿಯುತ್ತಿತ್ತು. ಶಾಂತಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಬೇಗಾರಿನ ವಕೀಲನೂ ಹೀಗೆಯೇ ಕಣ್ಣು ಮುಚ್ಚಿದ್ದು ಅವನಿಗೆ ನೆನಪಾಯಿತು.

"ಸಾಕು ಬಿಡು" ಎಂದಳು ಅವಳು ಬಹಳ ಹೊತ್ತಿನ ಮೇಲೆ. "ಕೂಸಿಗೆ ಉಳೀಲಿ."

ಮಾರನೆಯ ಬೆಳಿಗ್ಗೆ ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಹೊಸಿಲ ಎರಡೂ ಕಡೆ ಕಮಟೆಣ್ಣೆಯ ದೀಪಗಳು ಚಟಪಟ ಎನ್ನುತ್ತ ಉರಿಯುತ್ತಿದ್ದವು. ಶಾಂತಕ್ಕ ಕಾಲು ಚಾಚಿ ಕೂತು ಚೈತ್ರಾಳನ್ನು ಮಡಿಲಿಗೆ ತೆಗೆದುಕೊಂಡಳು. ಅವಳ ತುರುಬು ನುಣುಪಾಗಿ ಮಿನುಗುತ್ತಿತ್ತು.

"ಕಿವಿಗೆ ಮೂಗಿಗೆ ಬಿಡಬ್ಯಾಡಿ ಅತ್ತೆ, ಆಸ್ಪತ್ರೆ ಸಿಸ್ಟರ್ ಹೇಳಿದಾರೆ" ಎಂದಳು ಕುಸುಮಾ.

"ನೆತ್ತಿಗೆ ಒಂದು ಹನಿ ಕಣೆ. ನಂಗೂ ಗೊತ್ತು."

ಶಾಂತಕ್ಕ ಗರಿಕೆಯನ್ನು ಅದ್ದಿ ಮೊದಲ ಹನಿಯನ್ನು ನೆಲಕ್ಕೆ ಇಟ್ಟಳು. ಜಟ್ಟಪ್ಪ ಮುಂದೆ ಬಾಗಿದ.

"ಅದು ಯಾರಿಗೆ ಶಾಂತಿ?"

"ನಂಗೇನು ಗೊತ್ತು? ಅವ್ವ ಹಿಂಗೇ ಇಡ್ತಿದ್ಲು."

"ಎಂತಕ್ಕೆ ಅಂತ ನಾ ಕೇಳಿದ್ದೆ ಅಲ್ದಾ? ಅವ್ವ ಎಂತ ಹೇಳಿದ್ಲು?"

ಶಾಂತಕ್ಕ ಕೂಸಿನ ನೆತ್ತಿಯ ಮೇಲೆ ಗರಿಕೆ ಹಿಡಿದು ನೆನಪು ಮಾಡಿಕೊಂಡಳು. "ಇವತ್ತು ಬರಕಾಗದೆ ಇದ್ದೋರಿಗೆ, ಅಂದಿದ್ಲು."

ಜಟ್ಟಪ್ಪ ಆ ಉತ್ತರವನ್ನು ಒಂದು ಸಲ ತನ್ನೊಳಗೇ ಹೇಳಿಕೊಂಡ. ಭಟ್ಟರ ಏಳು ಹೆಸರುಗಳು ಅದರಲ್ಲಿ ಸೇರುತ್ತವೆಯೋ ಇಲ್ಲವೋ, ಕೇಳಬೇಕು ಎಂದುಕೊಂಡ.

ಹನಿ ನೆತ್ತಿಗೆ ತಾಗಿದ ಕೂಡಲೇ ಚೈತ್ರಾ ಕೈ ಚಾಚಿ ಗರಿಕೆಯನ್ನು ಹಿಡಿದು ಬಾಯಿಗೆ ಸೇರಿಸಿದಳು. ಅಜ್ಜಿ ಅದನ್ನು ಬಿಡಿಸಿಕೊಳ್ಳಲು, ಕೂಸು ಬಿಡದಿರಲು ಒಂದಿಷ್ಟು ಹೊತ್ತು ಕುಸ್ತಿ ನಡೆಯಿತು. ಲೋಕೇಶ, ಕುಸುಮಾ ಸರದಿಯಲ್ಲಿ ಬಂದು ತಲೆ ಒಡ್ಡಿ ಎದ್ದರು. ಬಟ್ಟಲಿನಲ್ಲಿ ಇನ್ನೂ ಎಣ್ಣೆಯಿತ್ತು.

"ಇನ್ನು ನೀ ಬಾ" ಎಂದಳು ಶಾಂತಕ್ಕ.

"ನಂಗೆ ಎಂತಕ್ಕೆ?"

"ನಿನ್ನ ತಲೆಗೆ ಕೊನೆಗೆ ಎಣ್ಣೆ ಇಟ್ಟಿದ್ದು ಯಾರು?"

"ಅವ್ವ. ಅವಳು ಹೋಗಿ ಇಪ್ಪತ್ತೊಂದು ವರ್ಷ, ಐದು ತಿಂಗಳು, ಮತ್ತೆ..."

"ಲೆಕ್ಕ ಬ್ಯಾಡ" ಎಂದಳು ತಂಗಿ. "ತಲೆ ಬಗ್ಗಿಸು."

ಜಟ್ಟಪ್ಪ ಹೆಗಲ ಟವೆಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ತಲೆ ಬಗ್ಗಿಸಿದ.